‘ಇಲ್ಲಿ ತಡೆದರೆ ಇನ್ನೆಲ್ಲೋ ಹೋಗ್ತಾರೆ’ ಅನ್ನೋ ಲೆಕ್ಕ

ಆತ್ಮಹತ್ಯೆ ತಡೆಯೋಕೆ ಸೇತುವೆಗೆ ಬಲೆ ಕಟ್ಟಬೇಕು ಅಂತ ಯಾರಾದರೂ ಹೇಳಿದರೆ ಸಾಕು, ಈ ಮಾತು ಬಂದೇ ಬರುತ್ತದೆ. ಸುಮ್ನೆ ದುಡ್ಡು ದಂಡ, ಅವರು ಇನ್ನೊಂದು ಕಡೆ ಹೋಗ್ತಾರೆ, ಅಲ್ವಾ? (ಓದುತ್ತಾ ಮನಸ್ಸು ಭಾರವಾದರೆ ಇಲ್ಲಿಗೇ ನಿಲ್ಲಿಸಿ, ಹತ್ತಿರದವರಿಗೆ ಒಂದು ಫೋನ್ ಮಾಡಿ.)

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಓಡಾಟಕ್ಕೆ ತೆರೆದದ್ದು 1937ರಲ್ಲಿ. ಬಲೆ ಪೂರ್ತಿಯಾಗಿದ್ದು 2024ರಲ್ಲಿ, 20 ಕೋಟಿ ಡಾಲರಿಗೂ ಜಾಸ್ತಿ ಖರ್ಚಾಗಿ. ಆದರೆ ಆ ಪ್ರಶ್ನೆಗೆ ಉತ್ತರ 1978ರಲ್ಲೇ ಸಿಕ್ಕಿತ್ತು. ರಿಚರ್ಡ್ ಸೈಡನ್ ಅನ್ನುವ ಸಂಶೋಧಕರು ಆ ಸೇತುವೆಯ ಮೇಲೆ ತಡೆದು ಉಳಿಸಿದ 515 ಜನ ಆಮೇಲೆ ಏನಾದರು ಅಂತ ಹುಡುಕಿದರು. ನೂರಕ್ಕೆ ಸುಮಾರು 94 ಜನ ಬದುಕಿದ್ದರು, ಇಲ್ಲವೇ ಸಹಜವಾಗಿ ತೀರಿಕೊಂಡಿದ್ದರು.

ಆರೋಗ್ಯ ಅರ್ಥಶಾಸ್ತ್ರದವರ, ಅಂದರೆ ಜೀವ ಉಳಿಸುವ ಕೆಲಸಗಳ ಖರ್ಚು-ಲಾಭ ತೂಗುವವರ, ಇಡೀ ಲೆಕ್ಕ ನಿಂತಿರುವುದು ತಡೆದವರಲ್ಲಿ ಎಷ್ಟು ಜನ ನಿಜಕ್ಕೂ ಉಳಿಯುತ್ತಾರೆ ಅನ್ನುವುದರ ಮೇಲೇ. ಕಟ್ಟುವ ಖರ್ಚು, ವರ್ಷಾ ವರ್ಷ ನೋಡಿಕೊಳ್ಳುವ ಖರ್ಚು ಎರಡನ್ನೂ ಕೂಡಿಸಿ, ಉಳಿದ ಜೀವಗಳಿಂದ ಅಥವಾ ಆ ಜನ ಮುಂದೆ ಬಾಳುವ ವರ್ಷಗಳಿಂದ ಭಾಗಿಸುತ್ತಾರೆ. ‘ಉಳಿದವರು’ ಅಂದರೆ ಎಷ್ಟು ಜನ? ಇಲ್ಲಿ ಕಡಿಮೆಯಾದ ಸಾವುಗಳಲ್ಲಿ ಬೇರೆ ಕಡೆ ಜಾಸ್ತಿಯಾದದ್ದನ್ನು ಕಳೆಯಬೇಕು. ಟೊರಾಂಟೊದ ಒಂದು ಸೇತುವೆಗೆ 2003ರಲ್ಲಿ ತಡೆಗೋಡೆ ಹಾಕಿದರು. ಮೊದಲು ಬಂದ ಅಧ್ಯಯನ, ಇಡೀ ಊರಿನಲ್ಲಿ ಈ ಬಗೆಯ ಸಾವುಗಳ ಒಟ್ಟು ಸಂಖ್ಯೆ ಇಳಿದೇ ಇಲ್ಲ ಅಂದಿತು. ಜಾಸ್ತಿ ವರ್ಷಗಳ ಅಂಕಿ ಇಟ್ಟುಕೊಂಡು ನೋಡಿದಾಗ ಇಳಿದಿರುವುದು ಕಂಡಿತು. ಅದೇ ಗೋಡೆ, ಉತ್ತರ ಬೇರೆ. ಹಾಗಾಗಿ ಎರಡು ಮೂರು ವರ್ಷದ ಅಂಕಿ ಹಿಡಿದು ‘ದಂಡ’ ಅನ್ನುವ ವರದಿಗಳನ್ನು ನಾನು ನಂಬುವುದಿಲ್ಲ.

ಈಗಿನ ಫ್ಯಾಷನ್ ಸ್ಮಾರ್ಟ್ ಕ್ಯಾಮೆರಾ. ಯಾರಾದರೂ ತುಂಬಾ ಹೊತ್ತು ಒಂದೇ ಕಡೆ ನಿಂತರೆ ಅಲಾರಂ ಕೊಡುತ್ತದೆ. ಕೇಳೋಕೆ ಅಗ್ಗ. ಆದರೆ ಅಲಾರಂ ಬಡಿದ ಮೇಲೆ ಓಡಿ ಹೋಗಿ ಮಾತಾಡಿಸೋಕೆ ಮನುಷ್ಯ ಬೇಕು, ರಾತ್ರಿ ಪಾಳಿಯಲ್ಲೂ ಬೇಕು. ಸುಮ್ನೆ ಗಾಳಿ ಕುಡಿಯುತ್ತಾ ನಿಂತವರಿಗೂ ಅಲಾರಂ ಬಡಿಯುತ್ತದೆ. ಆ ಸಂಬಳವೆಲ್ಲ ಸೇರಿಸದೆ ‘ಬೇಲಿಗಿಂತ ಸೋವಿ’ ಅಂದರೆ ಅದು ಮಾರಾಟದ ಮಾತು. ಬೇಲಿಗೆ ನಿದ್ದೆ ಬರುವುದಿಲ್ಲ.

ಇನ್ನು ರೈಲು ಪ್ಲಾಟ್‌ಫಾರ್ಮಿನ ಅಂಚಿಗೆ ಹಾಕುವ ಬಾಗಿಲುಗಳು. ಇವು ಕಾಲು ಜಾರಿ ಬೀಳುವವರನ್ನೂ ಉಳಿಸುತ್ತವೆ, ರೈಲು ತಡವಾಗುವುದನ್ನೂ ತಪ್ಪಿಸುತ್ತವೆ. ದುಡ್ಡು ಕೊಡುವುದು ರೈಲಿನವರು, ಲಾಭದ ದೊಡ್ಡ ಪಾಲು ಕಾಣುವುದು ಬೇರೆಯವರ ಲೆಕ್ಕದ ಪುಸ್ತಕದಲ್ಲಿ. ಅಂಥ ಸಾವೊಂದನ್ನು ಕಣ್ಣೆದುರೇ ಕಂಡ ಮೇಲೆ ತಿಂಗಳುಗಟ್ಟಲೆ ನಿದ್ದೆ ಬಾರದ ಚಾಲಕನನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೋ, ಎಷ್ಟೋ ಲೆಕ್ಕಗಳಲ್ಲಿ ಅವನು ಇರುವುದೇ ಇಲ್ಲ.