ಧ್ವನಿ ಗುರ್ತು ಹಿಡಿಯವ್ರು ಇದ್ದಾಗನ ಪಟ್ಟಿ ಮಾಡ್ರಿ

ನಮ್ಮ ಹಾವೇರಿ ಕಡೆ ಹಳೇ ಮನಿ ಅಟ್ಟ ಹುಡುಕಿದ್ರ ಒಂದರ ಕ್ಯಾಸೆಟ್ ಡಬ್ಬಿ ಸಿಕ್ಕ ಸಿಗ್ತೈತಿ. ಬೀಸೋಕಲ್ಲಿನ ಪದ, ಕಣದಾಗ ರಾಶಿ ಮಾಡೂಮುಂದ ಹಾಡೋ ಹಂತಿ ಪದ, ಲಗ್ನದಾಗಿನ ಸೋಬಾನೆ, ನಡುವ ಯಾರೋ ಅಜ್ಜ ಬರಗಾಲದ ಸುದ್ದಿ ಹೇಳಿದ್ದು, ಎಲ್ಲಾ ಅದರಾಗ ಇರ್ತಾವ. 2019ರಾಗ ಯುನೆಸ್ಕೋದವ್ರು ಎಚ್ಚರಿಕಿ ಕೊಟ್ಟಿದ್ರು, 2025ರ ಹೊತ್ತಿಗೆ ಇಂಥ ಟೇಪ್ ಹಚ್ಚೋ ಮಷೀನ್, ಅದರ ಸ್ಪೇರ್ ಪಾರ್ಟು, ರಿಪೇರಿ ಮಾಡವ್ರು ಸಿಗೂದ ಕಷ್ಟ ಆಗ್ತೈತಿ ಅಂತ. ಅದಕ್ಕ ಎಲ್ಲಾರೂ ಲಗೂನ ಡಿಜಿಟೈಸ್ ಮಾಡಸ್ರಿ, ಅಂದ್ರ ಕಂಪ್ಯೂಟರ್ ಫೈಲ್ ಮಾಡಸ್ರಿ ಅಂತಾರ, ಮಾಡ್ಸಬೇಕು ಖರೇ, ಆದ್ರ ನನ್ನ ಕೇಳಿದ್ರ ಅದಕ್ಕಿಂತ ಮೊದ್ಲು ಆ ಧ್ವನಿ ಯಾರ್ದು ಅಂತ ಹೇಳೋ ಹಿರ್ಯಾರ ಮುಂದ ಒಂದು ನೋಟ್‌ಬುಕ್ ಹಿಡಕೊಂಡು ಕುಂದರ್ರಿ. ಟೇಪ್ ಹಚ್ಚೋ ಡೆಕ್ ಗುಜರಿ ಅಂಗಡ್ಯಾಗರ ಸಿಕ್ಕೀತು, ಆ ಹಿರ್ಯಾರು ಹೋದ್ರ ಮತ್ತ ಯಾರನ್ನ ಕೇಳೂದು?

ನಮ್ಮ ಮನ್ಯಾಗಿಂದ ಹೇಳ್ತೀನಿ. ಒಂದು ಕ್ಯಾಸೆಟ್ ಮ್ಯಾಲ ಬರೇ "ಅವ್ವ, ಸೈಡ್ ಬಿ" ಅಂತ ಬರ್ದಿತ್ತು. ಅದು ನಮ್ಮಪ್ಪನ ಸೋದರತ್ತಿ ಧ್ವನಿ ಅಂತ ಗುರ್ತು ಹಿಡಿದಾಕಿ ನಮ್ಮ ದೊಡ್ಡವ್ವ. ಮಾತಾಡ್ತಾ ಮಾತಾಡ್ತಾ ಆ ಮುದುಕಿ "ಹೊಸರಿತ್ತ್ಯಾಗ ಗುಂಡ್ ಹಾರಿದ್ ವರ್ಷ ನನ್ ಲಗ್ನ ಆತು" ಅಂತಾಳ, ಇಸ್ವಿ ಗಿಸ್ವಿ ಏನೂ ಇಲ್ಲ. ಈ ಕಡೆಯವ್ರಿಗೆ ತಿಳೀತೈತಿ, ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ ಇಬ್ರು ಸಂಗಾತಿಗಳ ಜೋಡಿ ಹೊಸರಿತ್ತ್ಯಾಗ ಗುಂಡಿಗೆ ಬಿದ್ದಿದ್ದು 1943ರ ಏಪ್ರಿಲ್ 1ಕ್ಕ. ಆದ್ರ ನಾಳೆ ಯಾರೋ ಕಂಪ್ಯೂಟರ್‌ನಾಗ 1943 ಅಂತ ಹುಡುಕಿದ್ರ ಈ ಟೇಪ್ ಬರೂದಿಲ್ಲ, ನಾವು ಪಟ್ಟ್ಯಾಗ ಬರೀಲಿಲ್ಲಂದ್ರ. ಬರಿಯೂ ಮುಂದನೂ ಒಂದು ಖಬರ್ ಇರ್ಲಿ, ಆಕಿ ಅಂದಿದ್ದು ಆಕಿ ಮಾತಿನ್ಯಾಗ ಒಂದು ಕಡೆ, ನಾವು ಹಚ್ಚಿದ ಇಸ್ವಿ ಬ್ಯಾರೆ ಕಡೆ. ಕಲಸಿ ಬರದ್ರ ತಾರೀಖನೂ ಆಕಿನ ಹೇಳ್ಯಾಳ ಅಂತ ಮುಂದಿನವ್ರು ತಿಳಕೋತಾರ.

ಪಟ್ಟ್ಯಾಗ ಹೇಳಿದವ್ರ ಹೆಸರು, ಊರು, ಅಂದಾಜು ವಯಸ್ಸು, ಯಾರು ರೆಕಾರ್ಡ್ ಮಾಡಿದ್ರು, ಎಷ್ಟನೇ ನಿಮಿಷಕ್ಕ ಯಾವ ಸುದ್ದಿ, ಇಷ್ಟು ಇದ್ರ ಸಾಕು. ನಿಮಿಷದ ಲೆಕ್ಕ ಬ್ಯಾಸರದ ಕೆಲಸ ಖರೇ, ಆದ್ರ ಅದಿಲ್ದ ಒಂದೂವರಿ ತಾಸಿನ ಫೈಲ್ ಯಾರೂ ಪೂರ್ತಿ ಕೇಳೂದಿಲ್ಲ. ಊರಿನ ಹೆಸರು ಹುಬ್ಬಳ್ಳಿ, ಹುಬ್ಳಿ ಎರಡೂ ಹಾಕಿ ಇಡ್ರಿ, ಹುಡುಕಾವ್ರು ಹೆಂಗ ಟೈಪ್ ಮಾಡ್ತಾರೋ ಗೊತ್ತಿಲ್ಲ.

ಫೈಲ್ ವಿಷಯ ಸಲೀಸು. ಮೂಲ ಪ್ರತಿ ವೇವ್ (WAV, ಧ್ವನಿ ಒತ್ತಿ ಸಣ್ಣ ಮಾಡದ ಫೈಲ್) ನಮೂನ್ಯಾಗ, 48 ಕಿಲೋಹರ್ಟ್ಸ್, 24 ಬಿಟ್, ಮೋನೋ ಆದ್ರ ತಾಸಿಗೆ ಹೆಚ್ಚುಕಡಿಮಿ 500 ಎಂಬಿ ಆಗ್ತೈತಿ. ಎಂಪಿ3 ವಾಟ್ಸಾಪ್‌ಗೆ ಕಳ್ಸಾಕಷ್ಟ. ಮೂರು ಪ್ರತಿ ಇರ್ಲಿ, ಒಂದು ಬ್ಯಾರೆ ಊರಾಗ. ಕ್ಯಾಸೆಟ್ ಹಚ್ಚೂಕಿಂತ ಮೊದ್ಲು ಮ್ಯಾಲಿನ ಎರಡು ಸಣ್ಣ ಪ್ಲಾಸ್ಟಿಕ್ ಎಸಳು ಮುರದ ಬಿಡ್ರಿ, ತಪ್ಪಿ ರೆಕಾರ್ಡ್ ಬಟನ್ ಒತ್ತಿದ್ರೂ ಅಳಸೂದಿಲ್ಲ. ಡಿಜಿಟೈಸ್ ಆತು ಅಂತ ಕ್ಯಾಸೆಟ್ ಒಗಿಬ್ಯಾಡ್ರಿ.

ಇನ್ನೊಂದು, ಎಲ್ಲಾನೂ ಯೂಟ್ಯೂಬ್‌ಗೆ ಹಾಕೂದಲ್ಲ. ಹೊಲದ ಜಗಳ, ಯಾರದೋ ಮನಿ ಸೊಸಿ ಸುದ್ದಿ, ಇವನ್ನ ಆ ಹಿರ್ಯಾರು ಮನಿಯವ್ರ ಮುಂದ ಅಂತ ಹೇಳಿರ್ತಾರ. ಹೇಳಿದವ್ರು ಇದ್ರ ಅವ್ರನ್ನ, ಇಲ್ಲಂದ್ರ ಮಕ್ಕಳನ್ನ ಕೇಳಿ, ಏನಂದ್ರು ಅನ್ನೂದನ್ನೂ ಪಟ್ಟ್ಯಾಗ ಬರೀರಿ.

ನಿಮ್ಮ ಕಡೆ ಹಾನಗಲ್, ಸವಣೂರ, ರೋಣದ ಹಂತಿ ಪದದ ಕ್ಯಾಸೆಟ್ ಇದ್ರ ತಿಳಸ್ರಿ, ನಾನು ಬಳಸೋ ಪಟ್ಟಿ ನಮೂನಿ ಕಳಸ್ತೀನಿ, ಬೇಕಂದ್ರ ಬಂದು ಜೋಡಿ ಕುಂತು ಕೇಳ್ತೀನಿ.