ಹಳೆಯ ಗಾಡಿಯ ಪೂರ್ವಾಪರ ಹುಡುಕಿ ಏನು ಸಿಗುತ್ತದೆ?

ಕಾರವಾರದ ಪೆಟ್ರೋಲ್ ಬಂಕಿನಲ್ಲಾಗಲಿ, ಶಿರಸಿಯ ಮದುವೆ ಮನೆಯ ಅಂಗಳದಲ್ಲಾಗಲಿ, ನನ್ನ ಎಂಜಿಎ ಸ್ಪೋರ್ಟ್ಸ್ ಕಾರು ನಿಂತಲ್ಲೆಲ್ಲ ಮೊದಲು ಬರುವ ಪ್ರಶ್ನೆ ಮೈಲೇಜಿನದು, ಎರಡನೆಯದು ಬೆಲೆಯದು. ಇವೆರಡಕ್ಕೂ ನಕ್ಕು ಸುಮ್ಮನಾಗುತ್ತೇನೆ. ಈ ಗಾಡಿಯ ಹಿಂದಿನ ಮಾಲೀಕರನ್ನು ನಾನು ಏಳು ವರ್ಷಗಳಿಂದ ಹುಡುಕುತ್ತಿರುವುದು ಗೊತ್ತಿರುವವರು ಕೇಳುವುದು ಮೂರನೆಯ ಪ್ರಶ್ನೆ: "ಗಾಡಿ ಓಡ್ತದಲ್ಲ ಮಾರಾಯ್ರೇ, ಅದರ ಜಾತಕ ಹುಡುಕಿ ಏನು ಸಿಗ್ತದೆ?" ಬಂಕಿನಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದು ಪೂರ್ವಾಪರ ಗೊತ್ತಿಲ್ಲದೆ ತಿಳಿಯುವುದಿಲ್ಲ. ಹಳೆಯ ಸ್ಪೋರ್ಟ್ಸ್ ಕಾರು ಕೊಂಡವರಲ್ಲಿ ಹೆಚ್ಚಿನವರು ಮೊದಲ ತಿಂಗಳಲ್ಲೇ ಅದನ್ನು 'ಒರಿಜಿನಲ್' ಮಾಡಲು ಹೊರಡುತ್ತಾರೆ. ನಾನೂ ಹೊರಟಿದ್ದೆ, ಅದರ ದಂಡವನ್ನೂ ತೆತ್ತೆ.

ಶಿರಸಿಯ ಅಡಿಕೆ ವ್ಯಾಪಾರಸ್ಥರೊಬ್ಬರ ಕೊಟ್ಟಿಗೆಯಲ್ಲಿದ್ದ ಕೆಂಪು ಗಾಡಿಯೊಂದಿಗೆ ನನ್ನ ಕೈಗೆ ಬಂದದ್ದು ಡುಪ್ಲಿಕೇಟ್ ಆರ್‌ಸಿ ಪುಸ್ತಕ. ಅದು 1974ರಲ್ಲಿ, ಮೂರನೆಯ ಮಾಲೀಕರಿಂದ ಆರಂಭವಾಗುತ್ತದೆ. ಮೊದಲಿಬ್ಬರ ಹೆಸರಿಲ್ಲ. ಗಾಡಿಯ ನೋಂದಣಿ ವಿವರಗಳ ಅಧಿಕೃತ ನಕಲು, ಅಂದರೆ ಬಿ ಎಕ್ಸ್‌ಟ್ರ್ಯಾಕ್ಟ್, ಬೇಕೆಂದು ಅರ್ಜಿ ಹಾಕಿದ ಆರ್‌ಟಿಒ ಕಚೇರಿಯಲ್ಲಿ ಆ ಕಾಲದ ರಿಜಿಸ್ಟರನ್ನು ಗೆದ್ದಲು ತಿಂದಿದೆ ಎಂಬ ಉತ್ತರ ಬಂತು. ಹಾಗಾಗಿ ಕಾಗದವನ್ನು ಬದಿಗಿಟ್ಟು ತಗಡಿನಿಂದ ಶುರುಮಾಡಿದೆ.

ಬಾನೆಟ್ಟಿನೊಳಗಿನ ಪಟ್ಟಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಾಗ ಚಾಸಿ ನಂಬರಿನ ಮೊದಲಿಗೆ 'ಎಚ್‌ಡಿಎ', ಅದರ ಹಿಂದೆಯೇ '2' ಎಂಬ ಅಂಕೆ ಕಾಣಿಸಿತು. ಮೊದಲ ವರ್ಷಗಳ ಎಂಜಿಎ ಗಾಡಿಗಳಲ್ಲಿ ಈ ಅಕ್ಷರಗಳೇ ಅರ್ಧ ಕಥೆ ಹೇಳುತ್ತವೆ: ಮೂರನೆಯ ಅಕ್ಷರ ಬಣ್ಣದ್ದು, 'ಎ' ಎಂದರೆ ಕಪ್ಪು, ಮುಂದಿನ 2 ಎಂದರೆ ಬಲಗಡೆ ಸ್ಟೀರಿಂಗ್ ಇಟ್ಟು ರಫ್ತಿಗೆಂದು ಮಾಡಿದ ಗಾಡಿ. ಎಂಜಿಎಯ ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳಗಳು ಅಲ್ಯುಮಿನಿಯಂನವು. ಕೆಳಗಿನ ಕಬ್ಬಿಣವನ್ನು ನಮ್ಮ ಉಪ್ಪುಗಾಳಿ ತಿಂದಿದ್ದರೂ ಬಾಗಿಲಿನ ಒಳಅಂಚಿನಲ್ಲಿ ಬಣ್ಣ ಉಳಿದಿತ್ತು. ಬ್ಲೇಡಿನಿಂದ ಉಗುರಗಲ ಕೆರೆದು ನೋಡಿದರೆ ಕೆಂಪಿನ ಕೆಳಗೆ ಕೆನೆಬಣ್ಣ, ಅದರ ಕೆಳಗೆ ಕಪ್ಪು.

1955ರಿಂದ 1962ರ ವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಎಂಜಿಎಗಳು ತಯಾರಾಗಿ, ಬಹುಪಾಲು ಅಮೆರಿಕಕ್ಕೆ ಹೋದವು. ಆ ಕಾರ್ಖಾನೆಯ ಲೆಕ್ಕದ ಪುಸ್ತಕಗಳು ಈಗ ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಮ್ಮಿನಲ್ಲಿವೆ. ಚಾಸಿ ನಂಬರು ಕೊಟ್ಟು ಹಣ ಕಟ್ಟಿದರೆ, ಗಾಡಿ ತಯಾರಾದ ದಿನ, ಬಣ್ಣ, ಮೂಲ ಎಂಜಿನ್ ನಂಬರು, ಅದು ಎಲ್ಲಿಗೆ ರವಾನೆಯಾಯಿತು ಎಂಬುದನ್ನು ನಮೂದಿಸಿದ ಹೆರಿಟೇಜ್ ಸರ್ಟಿಫಿಕೇಟ್ ಬರುತ್ತದೆ. ಕೊಂಡವರ ಹೆಸರನ್ನು ಅದರಿಂದ ನಿರೀಕ್ಷಿಸಬಾರದು. ನನ್ನದು 1957ರ ಗಾಡಿ ಎಂದು ತಿಳಿದದ್ದು ಹೀಗೆ. ಒಂದು ತಪ್ಪು ನಂಬಿಕೆ ಬಿದ್ದುಹೋದದ್ದೂ ಇದರಿಂದಲೇ. ಆರ್‌ಸಿಯಲ್ಲಿ ಹಳೆಯ ನಂಬರೆಂದು ನಮೂದಾಗಿದ್ದದ್ದು ಬಾಂಬೆ ರಾಜ್ಯದ್ದು. ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಹಿಂದೆ ಬಾಂಬೆಗೇ ಸೇರಿತ್ತಲ್ಲ, ಇದು ಮೊದಲಿನಿಂದಲೂ ಕಾರವಾರದ ಗಾಡಿಯೇ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಮರುವರ್ಷ ತಯಾರಾದ ಗಾಡಿಗೆ ಇಲ್ಲಿ ಬಾಂಬೆಯ ನಂಬರು ಸಿಗುವಂತಿರಲಿಲ್ಲ; ಅಂದರೆ ಅದು ಹೊರಗಿನಿಂದ ಇಲ್ಲಿಗೆ ಬಂದ ಗಾಡಿ. ವಿದೇಶಿ ವಿನಿಮಯದ ಬಿಕ್ಕಟ್ಟಿನ ಆ ಕಾಲದಲ್ಲಿ ಇಂಥ ಕಾರುಗಳು ಬರುತ್ತಿದ್ದದ್ದು ಹೆಚ್ಚಾಗಿ ರಾಯಭಾರ ಕಚೇರಿಯವರು ಅಥವಾ ವಿದೇಶಿ ಕಂಪನಿಯ ಅಧಿಕಾರಿಗಳ ಜೊತೆಗೆ.

ಇನ್ನು ಎಂಜಿನ್ನಿನ ವಿಷಯ. ಗಾಡಿಯಲ್ಲಿರುವುದು ಅಂಬಾಸಡರ್ ಎಂಜಿನ್. ಅದನ್ನು ಕಿತ್ತೆಸೆದು ಇಂಗ್ಲೆಂಡಿನಿಂದ ಎಂಜಿಎ ಎಂಜಿನ್ ತರಿಸಲು ವಿಚಾರಿಸಿಯೂ ಆಗಿತ್ತು. ಆರ್‌ಸಿಯಲ್ಲಿ 1976ರ ಎಂಜಿನ್ ಬದಲಾವಣೆಯ ನಮೂದು ಕಂಡಮೇಲೆ ಆಗಿನ ಮಾಲೀಕರ ಅಂಕೋಲೆಯ ಮನೆಗೆ ಹೋದೆ. ಅವರು ಈಗಿಲ್ಲ, ಅವರ ಹೆಂಡತಿ, ಎಂಬತ್ತು ದಾಟಿದ ಅಜ್ಜಿ, ನಡೆದದ್ದನ್ನು ಹೇಳಿದರು. ಅರಬೈಲ್ ಘಟ್ಟ ಹತ್ತುವಾಗ ರೇಡಿಯೇಟರಿನ ನೀರು ಖಾಲಿಯಾಗಿ, ಕಾದು ಕೆಂಡವಾಗಿದ್ದ ಎಂಜಿನ್ನಿಗೆ ಗಂಡ ಅವಸರದಲ್ಲಿ ಹಳ್ಳದ ತಣ್ಣೀರು ಸುರಿದರಂತೆ. "ಪಟ್ ಅಂತ ಸದ್ದಾಯ್ತು ತಮ್ಮಾ, ಬಂದೂಕು ಹೊಡೆದ ಹಾಗೆ." ಬ್ಲಾಕ್ ಸೀಳಿತ್ತು. ಮೇಸ್ತ್ರಿ ಹುಬ್ಬಳ್ಳಿಯ ಗುಜರಿಯಿಂದ ಅಂಬಾಸಡರ್ ಎಂಜಿನ್ ತಂದು ಕೂರಿಸಿದರು. ಅದು ಅಡ್ಡಾದಿಡ್ಡಿ ಕೆಲಸವಲ್ಲ: ಎರಡೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ ಸೀರೀಸ್ ಎಂಜಿನ್‌ಗಳು, ಎರಡೂ 1489 ಸಿಸಿ, ಒಂದೇ ತಾಯಿಯ ಮಕ್ಕಳು. ಸೀಳಿದ ಎಂಜಿನ್ನಿನ ಜೋಡಿ ಎಸ್‌ಯು ಕಾರ್ಬ್ಯುರೇಟರ್‌ಗಳನ್ನು ಜೋಪಾನವಾಗಿ ಬಿಚ್ಚಿ ಹೊಸದಕ್ಕೆ ಕೂರಿಸಿದ್ದೂ ಆ ಮೇಸ್ತ್ರಿಯೇ. ಗುಜರಿಗೆ ಹಾಕಲು ಹೊರಟ ಎಂಜಿನ್ನಿನ ಜೊತೆ ಆಬಿಂಗ್ಡನ್ನಿನ ಕಾರ್ಬ್ಯುರೇಟರ್‌ಗಳನ್ನೂ ನಾನು ಕಳೆದುಕೊಳ್ಳುತ್ತಿದ್ದೆ.

2021ರ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಗೆ ಇಪ್ಪತ್ತು ಸಾವಿರ ರೂಪಾಯಿ ಕಟ್ಟಿ ವಿಂಟೇಜ್ ನೋಂದಣಿ ಮಾಡಿಸಬಹುದು, ಆದರೆ ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ನನ್ನದು ಆ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ, ಅದಕ್ಕೆ ನನಗೆ ಬೇಸರವೂ ಇಲ್ಲ.

ಬೇಸರವಿರುವುದು ಕಾಲಡಿಯ ಹಲಗೆಗೆ. ಎಂಜಿಎಯ ನೆಲಕ್ಕೆ ಕಾರ್ಖಾನೆಯಿಂದ ಬರುತ್ತಿದ್ದದ್ದು ಪ್ಲೈವುಡ್. ನನ್ನ ಗಾಡಿಯಲ್ಲಿದ್ದದ್ದು ದಪ್ಪನೆಯ ಸಾಗವಾನಿ. ಒರಿಜಿನಲ್ ಅಲ್ಲವೆಂದು ಮೊದಲ ತಿಂಗಳಲ್ಲೇ ಎಡಗಡೆಯದನ್ನು ಕಿತ್ತು ಬಚ್ಚಲ ಒಲೆಗೆ ಹಾಕಿದೆ. ಎರಡು ವರ್ಷದ ಮೇಲೆ ಬಲಗಡೆಯದನ್ನು ತಿರುಗಿಸಿ ನೋಡಿದಾಗ ತುದಿ ಮಡಚಿ ಬಡಿದ ತಾಮ್ರದ ಮೊಳೆಗಳು ಕಂಡವು. ಹಾಗೆ ಮೊಳೆ ಹೊಡೆಯುವವರು ದೋಣಿ ಕಟ್ಟುವವರು. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಲ್ಲಿ ವಯಸ್ಸಾದ ಬಡಗಿಯೊಬ್ಬರಿಗೆ ಹಲಗೆ ತೋರಿಸಿದೆ. ಅದು ತನ್ನ ಅಪ್ಪನ ಕೈಕೆಲಸವೆಂದು ಅವರು ನೋಡಿದ ಕೂಡಲೇ ಗುರುತಿಸಿದರು. ಎಂಬತ್ತರ ದಶಕದಲ್ಲಿ ಕಟ್ಟಿ 2024ರ ಆಗಸ್ಟಿನಲ್ಲಿ ಕುಸಿದುಬಿದ್ದ ಹಳೆಯ ಕಾಳಿ ಸೇತುವೆಯೂ ಇರದ ಕಾಲದಲ್ಲಿ, ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿಯ ಮೇಲೆ ಗಾಡಿ ದಾಟಿಸುತ್ತಿದ್ದ ಗುತ್ತಿಗೆದಾರರೊಬ್ಬರು, ಉಪ್ಪುನೀರಿಗೆ ಕೊಳೆತ ನೆಲವನ್ನು ತೆಗೆಸಿ ಅದನ್ನು ಹಾಕಿಸಿದ್ದರಂತೆ. ಅವರೇ ಎರಡನೆಯ ಮಾಲೀಕರು. ಮೊದಲನೆಯವರು ಇನ್ನೂ ಸಿಕ್ಕಿಲ್ಲ.

ಒಲೆಗೆ ಹೋದ ಹಲಗೆಯ ಬದಲಿಗೆ ಆ ಬಡಗಿಯೇ ಹೊಸದೊಂದನ್ನು ಮಾಡಿಕೊಟ್ಟರು. ತಾಮ್ರದ ಮೊಳೆ ಅಂಗಡಿಯಲ್ಲಿ ಸಿಗಲಿಲ್ಲವಾದ್ದರಿಂದ, ದಡಕ್ಕೆ ಎಳೆದುಹಾಕಿದ್ದ ಹಳೆಯ ದೋಣಿಯೊಂದರ ಮೊಳೆಗಳನ್ನು ಕಿತ್ತು, ನೆಟ್ಟಗೆ ಮಾಡಿ ಹೊಡೆದರು.