ನೆಗೊಂಬೊದಲ್ಲಿ ಮೊದಲ ದಿನ

ಕಾರವಾರದಿಂದ ಕೊಲಂಬೊಗೆ ಹೋಗುವಾಗ ಜಾಸ್ತಿ ಹೊತ್ತು ಹಿಡಿಯುವುದು ಬೆಂಗಳೂರಿನವರೆಗಿನ ದಾರಿಯೇ. ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು ಮುಟ್ಟುವುದು ಮಾರನೇ ಬೆಳಿಗ್ಗೆ. ಅಲ್ಲಿಂದ ವಿಮಾನ ಒಂದೂವರೆ ಗಂಟೆ ಅಷ್ಟೇ. ಶ್ರೀಲಂಕಾದ ಸಮಯವೂ ನಮ್ಮದೇ, ಗಡಿಯಾರ ತಿರುಗಿಸುವ ಕೆಲಸವಿಲ್ಲ. ಕಡಲ ಜೀವಶಾಸ್ತ್ರ ಓದುವ ನಮ್ಮ ತಂಡದಲ್ಲಿ ಬೈತಖೋಲದವರು, ಕುಮಟಾ ಕಡೆಯವರು, ಶಿರಸಿಯವರು ಎಲ್ಲ ಇದ್ದೆವು. ಹೆಚ್ಚಿನವರಿಗೆ ಇದೇ ಮೊದಲ ವಿದೇಶ.

ವಿಮಾನ ಇಳಿಯುವುದು ಕಟುನಾಯಕೆಯಲ್ಲಿ. ನಾವು ಕೊಲಂಬೊ ಕಡೆ ಹೋಗದೆ ಉತ್ತರಕ್ಕೆ, ನೆಗೊಂಬೊಗೆ ತಿರುಗಿದೆವು. ದಾರಿಯುದ್ದಕ್ಕೂ ತೆಂಗು, ಹೆಂಚಿನ ಮನೆ, ಗಾಜಿನ ಗೂಡಿನೊಳಗೆ ಮೇರಿ ಮಾತೆ. "ಎಂತದು ಮಾರಾಯಾ, ತಿರುಗಿ ಮಾಜಾಳಿಗೇ ಬಂದ್ವಾ?" ಅಂದ ಬೈತಖೋಲದ ಗೆಳೆಯ, ಕಾರವಾರದ ಪಕ್ಕದ ಆ ಊರು ನೆನಪಾಗಿ.

ಮಧ್ಯಾಹ್ನದ ಊಟಕ್ಕೆ ಕೆಂಪಕ್ಕಿ ಅನ್ನ, ತೆಂಗಿನಕಾಯಿಯ ಪೊಲ್ ಸಂಬೋಲ, ಜೊತೆಗೆ ಅಂಬುಲ್ ತಿಯಲ್ ಎಂಬ ಮೀನು. ರಸವೇ ಇಲ್ಲ. ಕಪ್ಪಗೆ, ಹುಳಿಯಾಗಿ, ಕಾಳುಮೆಣಸಿನ ಖಾರದಲ್ಲಿ ಒಣಗಿಸಿದ ಹಾಗೆ ಬೇಯಿಸಿರುತ್ತಾರೆ. ಫ್ರಿಜ್ ಇಲ್ಲದೆಯೂ ಕೆಲವು ದಿನ ಕೆಡುವುದಿಲ್ಲವಂತೆ. ಶಿರಸಿಯ ಗೆಳೆಯ ಮೀನು ಮುಟ್ಟುವವನಲ್ಲ. ಆದರೆ ಹುಳಿಗೆ ಎಂತಾ ಹಾಕ್ತಾರೆ ಅಂತ ಕೇಳಿದ್ದು ಅವನೇ. ಅಡುಗೆ ಮಾಡಿದ ಅಕ್ಕ ಡಬ್ಬಿ ತಂದು ಅವನ ಅಂಗೈಗೆ ಎರಡು ಹೋಳು ಹಾಕಿದರು. ಸುಕ್ಕುಗಟ್ಟಿದ ಕರಿ ಸಿಪ್ಪೆ, ತೊಗಲಿನಷ್ಟು ಗಟ್ಟಿ, ಮೂಗಿಗೆ ಹಿಡಿದರೆ ಸಣ್ಣಗೆ ಹೊಗೆಯ ವಾಸನೆ. "ಇದು ನಮ್ಮ ಉಪ್ಪಾಗೆ ಅಲ್ವಾ!" ಅಂತ ಅವನು ಎದ್ದೇ ನಿಂತ. ನಮ್ಮ ಕಡೆ ಹುಳಿಗೆ ಹಾಕುವ ಈ ಕಾಡುಹಣ್ಣಿನ ಒಣಸಿಪ್ಪೆಗೆ ಅಲ್ಲಿ ಗೊರಕ ಅನ್ನುತ್ತಾರೆ. ಅವನ ಅಜ್ಜಿ ಉಪ್ಪಾಗೆ ಬೀಜದಿಂದ ತುಪ್ಪ ತೆಗೆಯುವುದನ್ನು ಆ ಅಕ್ಕನಿಗೆ ಕೈಸನ್ನೆಯಲ್ಲೇ ಹೇಳಿದ.

ಸಂಜೆ ಹೋಗಿದ್ದು ಹಿನ್ನೀರಿಗೆ. ನಮ್ಮ ಪ್ರವಾಸದ ಕಾರಣವೇ ಅದು. ನೆಗೊಂಬೊದ ಹಿನ್ನೀರು ಸುಮಾರು 3,200 ಹೆಕ್ಟೇರ್ ಇದೆ, ಸಮುದ್ರಕ್ಕೆ ಸೇರುವುದು ಮಾತ್ರ ಉತ್ತರದ ಕಿರಿದಾದ ಅಳಿವೆಯಲ್ಲಿ. ದಡದಲ್ಲಿ ಕಾಳಿ ನದಿಯಲ್ಲಿರುವಂಥದ್ದೇ ಕಾಂಡ್ಲಾ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ. ಇಲ್ಲಿನ ಮೀನುಗಾರರು ಕಾಂಡ್ಲಾವನ್ನು ತಾವೇ ನೆಟ್ಟು ಬೆಳೆಸುತ್ತಾರೆ. ಅದರ ಕೊಂಬೆ ಕಡಿದು ನೀರಿನಲ್ಲಿ ಒತ್ತೊತ್ತಾಗಿ ಊರುತ್ತಾರೆ. ಮೀನು ಅಲ್ಲಿ ಬಂದು ಸೇರಿಕೊಂಡ ಮೇಲೆ ಸುತ್ತ ಬಲೆ ಕಟ್ಟಿ ಹಿಡಿಯುತ್ತಾರೆ.

ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಟ್ಟುದೆಲ್ ಎಂಬ ಗೂಟದ ಬಲೆ. ಹಿನ್ನೀರಿನಲ್ಲಿ ಬೆಳೆದ ಸಿಗಡಿ ರಾತ್ರಿ ಇಳಿತದ ಜೊತೆ ಸಮುದ್ರಕ್ಕೆ ಹೊರಡುತ್ತದೆ. ದಾರಿಯಲ್ಲಿ ಗೂಟ ಹೊಡೆದು, ಚೀಲದಂಥ ಬಲೆ ಕಟ್ಟಿಟ್ಟರೆ ಸಾಕು, ನೀರೇ ಸಿಗಡಿಯನ್ನು ತಂದು ತುಂಬುತ್ತದೆ. ಅಂದಮೇಲೆ ಒಳ್ಳೆಯ ಜಾಗ ಸಿಕ್ಕವನ ಪಾಲಿಗೆ ಹಬ್ಬ. ಜಗಳ ಆಗಬೇಕಲ್ವಾ? ಆಗದ ಹಾಗೆ ಅವರೇ ಕಟ್ಟು ಮಾಡಿಕೊಂಡಿದ್ದಾರೆ. ನಾಲ್ಕು ಮೀನುಗಾರರ ಸಂಘಗಳಿವೆ, ನಾಲ್ಕೂ ಚರ್ಚಿನ ಆಸರೆಯಲ್ಲಿ ಬೆಳೆದವು. ಸಂಘಗಳಿಗೆ ಸರದಿ ಪ್ರಕಾರ ದಿನ. ಸಂಘದೊಳಗೆ ಯಾರಿಗೆ ಯಾವ ಜಾಗ ಎನ್ನುವುದಕ್ಕೆ ಚೀಟಿ ಎತ್ತುತ್ತಾರೆ. ಈ ಹಳೆಯ ಪದ್ಧತಿಗೆ 1958ರಲ್ಲಿ ಸರ್ಕಾರ ಕಾನೂನಿನ ಬಲವನ್ನೂ ಕೊಟ್ಟಿದೆ.

ಗೂಟ ಸರಿಮಾಡುತ್ತಿದ್ದ ಹಿರಿಯರೊಬ್ಬರು ದೋಣಿ ಬಿಟ್ಟು ಬಂದು ನಮ್ಮೊಡನೆ ಕೂತರು. ಅಲ್ಲಿನ ಮೇಷ್ಟ್ರು ಅವರ ಸಿಂಹಳವನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. "ಹೆಣ್ಣುಮಕ್ಕಳ ಹೆಸರಲ್ಲೂ ಚೀಟಿ ಹಾಕ್ತೀರಾ?" ಕುಮಟಾದ ಗೆಳತಿಯ ಪ್ರಶ್ನೆ. ಇಲ್ಲ, ಹಕ್ಕು ಅಪ್ಪನಿಂದ ಮಗನಿಗೆ. ಅದೂ ಮಗನಿಗೆ ಮದುವೆ ಆಗಿರಬೇಕು. ಅವಳಿಗೆ ಈ ಉತ್ತರ ಹಿಡಿಸಲಿಲ್ಲ, ನನಗೂ ಇಲ್ಲ. ಮೀನು ಮಾರುವವರು, ಒಣಗಿಸುವವರು ಹೆಂಗಸರೇ ಆಗಿರುವಾಗ ಚೀಟಿಯಲ್ಲಿ ಅವರ ಹೆಸರು ಇರಬೇಕಿತ್ತು.

ಹಾಗಿದ್ದರೂ ಆ ಚೀಟಿಯ ವಿಷಯ ನನ್ನ ತಲೆಯಿಂದ ಹೋಗಲಿಲ್ಲ. ನಮ್ಮಲ್ಲೂ ರಂಪಣಿ, ಅಂದರೆ ಊರವರು ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ, ಇದ್ದಾಗ ಹಗ್ಗಕ್ಕೆ ಕೈ ಕೊಟ್ಟವರಿಗೆಲ್ಲ ಪಾಲು ಸಿಗುತ್ತಿತ್ತು. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು, ಮೀನು ದಡಕ್ಕೆ ಬರುವ ಮೊದಲೇ ಸಮುದ್ರದಲ್ಲೇ ಖಾಲಿಯಾಗತೊಡಗಿತು, ರಂಪಣಿ ಮೂಲೆ ಸೇರಿತು. ಅಘನಾಶಿನಿ ನದಿಯ ಗಜನಿಯಲ್ಲಂತೂ, ಅಂದರೆ ಉಪ್ಪುನೀರಿಗೆ ಕಟ್ಟೆ ಹಾಕಿದ ತಗ್ಗು ಗದ್ದೆಯಲ್ಲಿ, ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಸಿಗಡಿ, ಮೀನು. ಹಿಡಿಯುವ ಹಕ್ಕು ಹೋಗುವುದು ಹರಾಜಿಗೆ. ದುಡ್ಡಿದ್ದವರು ಕೂಗುತ್ತಾರೆ, ಗದ್ದೆಯಲ್ಲಿ ಉಪ್ಪುನೀರು ಎಷ್ಟು ಜಾಸ್ತಿ ದಿನ ನಿಂತರೆ ಅವರಿಗೆ ಅಷ್ಟು ಲಾಭ. ಕಗ್ಗ ಹಿಂದೆ ಬೀಳುತ್ತದೆ. ನದಿಮುಖ ಎರಡೂ ಕಡೆ ಒಂದೇ ತರಹದ್ದು. ಇಲ್ಲಿ ಸರದಿ ಉಳಿದಿದೆ, ನಮ್ಮಲ್ಲಿ ಹರಾಜು ಗೆದ್ದಿದೆ. ನನಗೆ ಇದು ನೋವಿನ ಮಾತು.

ರಾತ್ರಿ ಊಟದ ಹೊತ್ತಿಗೂ ಇದೇ ಚರ್ಚೆ. ಗೆಳತಿ ತಡೆಯಲಾರದೆ ಊರಿಗೆ ಫೋನ್ ಹಚ್ಚಿದಳು. "ಅಪ್ಪಾ, ನಮ್ಮ ಗಜನಿಗೆ ಹರಾಜು ಬಿಟ್ಟು ಚೀಟಿ ಎತ್ತಿದ್ರೆ ಎಂತಾಗ್ತದೆ?" ಸ್ಪೀಕರಿನಲ್ಲಿ ಅವರ ಉತ್ತರ ನಮಗೆಲ್ಲ ಕೇಳಿಸಿತು: "ಚೀಟಿ ಎತ್ತುವಾ, ಅಡ್ಡಿಲ್ಲ. ಕಟ್ಟೆ ಒಡೆದ್ರೆ ರಿಪೇರಿ ಖರ್ಚು ಯಾರು ಹಾಕ್ತಾರೆ ಅಂತ ಅವ್ರನ್ನೇ ಕೇಳ್ಕಂಡು ಬಾ ಮಗಾ."

ನಮ್ಮ ಜೊತೆ ಬಂದಿದ್ದ ಸರ್ ಆ ಪ್ರಶ್ನೆಯನ್ನು ನಾಳೆ ಸಂಘದವರಿಗೆ ಕೇಳುವ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆಸಿದರು.